ಮರಿಯ ಜೊತೆ ಬಂದ ಬಿಳಿ ಚುಕ್ಕೆ

ಸೀಗಡಿ ಹೊಂಡದ ಯಜಮಾನನಿಗೆ ತನ್ನ ಬೆಳೆ ಕಣ್ಣಿಗೆ ಕಾಣುವುದಿಲ್ಲ. ಲಕ್ಷಗಟ್ಟಲೆ ಜೀವಗಳು ಮಸುಕು ನೀರಿನ ತಳದಲ್ಲಿರುತ್ತವೆ. ಅವು ಹೇಗಿವೆ ಎಂದು ತಿಳಿಯಲು ಅವನ ಕೈಯಲ್ಲಿರುವುದು ಜಾಳಿಗೆಯ ಒಂದು ತಟ್ಟೆ ಮಾತ್ರ. ಅದಕ್ಕೆ ಚೆಕ್ ಟ್ರೇ ಎನ್ನುತ್ತಾರೆ. ಒಂದು ಹಿಡಿ ಆಹಾರ ಹಾಕಿ, ಹಗ್ಗ ಕಟ್ಟಿ ನೀರಿಗಿಳಿಸಿ, ತಾಸೆರಡು ತಾಸು ಬಿಟ್ಟು ಎತ್ತಿ ನೋಡಬೇಕು. ಆಹಾರ ಮುಗಿದು ನಾಲ್ಕಾರು ಸೀಗಡಿ ತಟ್ಟೆಯಲ್ಲಿ ಪುಟಿಯುತ್ತಿದ್ದರೆ ಚಿಂತೆಯಿಲ್ಲ. ಹಾಕಿದ್ದು ಹಾಕಿದ ಹಾಗೇ ಇದ್ದರೆ ಏನೋ ಕೆಟ್ಟಿದೆ ಎಂದೇ ಲೆಕ್ಕ.

1994ರ ಕೊನೆಯ ತಿಂಗಳುಗಳಲ್ಲಿ ಆಂಧ್ರದ ನೆಲ್ಲೂರು ಸೀಮೆಯಿಂದ ತಮಿಳುನಾಡಿನ ತೀರದವರೆಗೆ ಒಂದಾದ ಮೇಲೊಂದು ಹೊಂಡದಲ್ಲಿ ತಟ್ಟೆಯ ಆಹಾರ ಹಾಗೇ ಉಳಿಯತೊಡಗಿತು. ಸೀಗಡಿಗಳು ತಳ ಬಿಟ್ಟು ಮೇಲೆ ಬಂದು, ದಂಡೆಯಂಚಿನಲ್ಲಿ ಮಂಕಾಗಿ ನಿಂತವು. ಕೆಲವಕ್ಕೆ ಮೈಯೆಲ್ಲ ಕೆಂಪು ಅಡರಿತ್ತು. ಒಂದನ್ನು ಹಿಡಿದು ತಲೆಯ ಚಿಪ್ಪು ಸುಲಿದು ಬೆಳಕಿಗೆ ಹಿಡಿದರೆ ಒಳಮೈಯಲ್ಲಿ ಚಿಕ್ಕ ಚಿಕ್ಕ ಬಿಳಿ ಚುಕ್ಕೆಗಳು ಕಾಣುತ್ತಿದ್ದವು. ಉಗುರಿನಿಂದ ಕೆರೆದರೂ ಹೋಗದ, ಸುಣ್ಣದಂಶ ಗಟ್ಟಿಯಾಗಿ ಕೂತ ಚುಕ್ಕೆಗಳವು. ಚುಕ್ಕೆ ಕಂಡ 3ರಿಂದ 10 ದಿನದೊಳಗೆ ಹೊಂಡಕ್ಕೆ ಹೊಂಡವೇ ಸತ್ತುಹೋಗುತ್ತಿತ್ತು. ನಾಲ್ಕು ತಿಂಗಳ ಬೆಳೆ, ಆಹಾರಕ್ಕೆ ತಂದ ಸಾಲ, ಡೀಸೆಲ್ ಖರ್ಚು ಎಲ್ಲವೂ ಒಂದೇ ವಾರದಲ್ಲಿ ನೀರುಪಾಲು.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲ್ಲೂಕುಗಳಿಗೆ ಸಮುದ್ರ ಬಲು ದೂರ. ಹಾಗಿದ್ದೂ ಈ ಭಾಗದ ಓದುಗರಿಗೆ ಆ ಕರಾವಳಿಯ ಕಥೆಯನ್ನು ಬಿಡಿಸಿ ಹೇಳಬೇಕೆನಿಸಿದೆ. ಒಂದು ಕಾಲಕ್ಕೆ ಕುಡಿಯುವ ನೀರಿಗೂ ತತ್ವಾರವಿದ್ದ ನೆಲದಲ್ಲಿ ಈಗ ಕೃಷ್ಣೆಯ ನೀರು ಕೆರೆಕೆರೆಗೆ ಹರಿದಿದೆ. ಕೃಷಿ ಹೊಂಡ ತೋಡಿಸಿದವರು ಅದರಲ್ಲಿ ಮೀನುಮರಿ ಬಿಡುತ್ತಿದ್ದಾರೆ. ಈ ಬಿಳಿ ಚುಕ್ಕೆ ರೋಗ ಮೀನಿಗೆ ತಗಲುವುದಿಲ್ಲ, ಅದು ಸೀಗಡಿ, ಏಡಿಗಳಿಗೆ ವೈರಸ್ಸಿನಿಂದ ಬರುವ ಕಾಯಿಲೆ. ಆದರೆ ಅದು ಒಬ್ಬರ ಹೊಂಡದಿಂದ ಇನ್ನೊಬ್ಬರ ಹೊಂಡಕ್ಕೆ ದಾಟಿದ ದಾರಿಗಳಿವೆಯಲ್ಲ, ಅವು ನೀರಿನಲ್ಲಿ ಏನನ್ನೇ ಸಾಕುವವರೂ ಅರಿತಿರಬೇಕಾದ ದಾರಿಗಳು.

ನಮ್ಮ ರಾಜ್ಯದಲ್ಲಿ ಈ ರೋಗದ ಬಿಸಿ ಹೆಚ್ಚು ತಟ್ಟಿದ್ದು ಅಳಿವೆಗಳ ಬದಿಯ ಊರುಗಳಿಗೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಇಕ್ಕೆಲದಲ್ಲಿ ಗಜನಿ ಎಂಬ ತಗ್ಗು ಭೂಮಿಯಿದೆ. ಉಬ್ಬರಕ್ಕೆ ಉಪ್ಪುನೀರು ನುಗ್ಗುವ, ಇಳಿತಕ್ಕೆ ಕೆಸರು ಕಾಣುವ ಈ ನೆಲಕ್ಕೆ ಮಣ್ಣಿನ ಒಡ್ಡು ಹಾಕಿ, ತೂಬಿಗೆ ಮರದ ಬಾಗಿಲಿಟ್ಟು ಬೇಸಾಯ ಮಾಡಿದವರು ಅಲ್ಲಿಯ ಹಿರಿಯರು. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತ ಬಿತ್ತುತ್ತಿದ್ದರು. ಉಪ್ಪನ್ನೂ ನೆರೆಯನ್ನೂ ತಾಳಿಕೊಂಡು ಆಳೆತ್ತರ ಬೆಳೆಯುವ ತಳಿ ಅದು. ಗೊಬ್ಬರ ಕೇಳುವುದಿಲ್ಲ, ಔಷಧಿ ಕೇಳುವುದಿಲ್ಲ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕತ್ತರಿಸಿ, ಹುಲ್ಲನ್ನು ನೀರಿನಲ್ಲೇ ಬಿಡುತ್ತಿದ್ದರು. ಆಮೇಲೆ ತೂಬಿನ ಬಾಗಿಲು ತೆರೆದರೆ ಉಬ್ಬರದ ಜೊತೆ ಸೀಗಡಿ, ಮೀನು, ಏಡಿಗಳ ಮರಿ ತಾವಾಗಿ ಒಳಬಂದು, ಕೊಳೆತ ಹುಲ್ಲಿನ ನಡುವೆ ಮೇದು ಬೆಳೆಯುತ್ತಿದ್ದವು. ಬೇಸಿಗೆಯ ಹೊತ್ತಿಗೆ ಮೀನಿನ ಹಕ್ಕನ್ನು ಹರಾಜು ಹಾಕುತ್ತಿದ್ದರು. ಮಾಣಿಕಟ್ಟದಂಥ ದೊಡ್ಡ ಗಜನಿಗಳಲ್ಲಿ ಊರೂರೇ ಕೂಡಿ ಒಡ್ಡು ಕಾಯುತ್ತಿತ್ತು. ಮನುಷ್ಯ ಒಂದು ಮರಿಯನ್ನೂ ಹಣ ಕೊಟ್ಟು ತರದ, ಒಂದು ಚೀಲ ಆಹಾರವನ್ನೂ ಹಾಕದ ಸಾಕಣೆ ಅದು. ಸಿಗುವುದು ಕಡಿಮೆಯಾದರೂ ಕಳೆದುಕೊಳ್ಳುವುದು ಏನೂ ಇರಲಿಲ್ಲ.

1980ರ ದಶಕದ ಕೊನೆಗೆ ಈ ಲೆಕ್ಕಾಚಾರ ತಿರುವುಮುರುವಾಯಿತು. ಜಪಾನಿನ ಮಾರುಕಟ್ಟೆಯಲ್ಲಿ ಟೈಗರ್ ಸೀಗಡಿಗೆ ಬಂಗಾರದ ಬೆಲೆ ಬಂತು. ತಾಯಿ ಸೀಗಡಿಯನ್ನು ಸಮುದ್ರದಲ್ಲಿ ಹಿಡಿದು ಮರಿಕೇಂದ್ರಗಳಲ್ಲಿ ಮೊಟ್ಟೆ ಇಡಿಸುವ ವಿದ್ಯೆಯೂ ದೇಶಕ್ಕೆ ಬಂದಿತ್ತು. ಒಂದೊಂದು ತಾಯಿ ಒಂದು ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಪೂರ್ವ ಕರಾವಳಿಯ ಮರಿಕೇಂದ್ರಗಳಿಂದ, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮರಿಗಳು ದೇಶದ ಎಲ್ಲ ತೀರಕ್ಕೂ ಹೋಗತೊಡಗಿದವು. ನೆಲ್ಲೂರಿನ ಕಂಡಲೇರು ಹಿನ್ನೀರಿನ ಅಕ್ಕಪಕ್ಕ ಹೊಂಡಗಳು ಒತ್ತೊತ್ತಾಗಿ ಎದ್ದವು. ಎಲ್ಲರೂ ನೀರು ಎತ್ತುವುದು ಅದೇ ಹಿನ್ನೀರಿನಿಂದ, ಹೊಂಡದ ಕೊಳಕು ಬಿಡುವುದೂ ಅದೇ ಹಿನ್ನೀರಿಗೆ. ಕುಮಟಾ, ಹೊನ್ನಾವರ, ಅಂಕೋಲಾ, ಕಾರವಾರ, ಕುಂದಾಪುರ ಕಡೆಯೂ ಗಜನಿಯ ಮಣ್ಣನ್ನು ಯಂತ್ರ ತಂದು ಅಗೆದು, ಚೌಕಾಕಾರದ ಹೊಂಡ ಮಾಡಿ, ಮರಿ ಬಿಟ್ಟರು. ಕಗ್ಗ ಬೆಳೆಯುತ್ತಿದ್ದ ನೆಲ ವರ್ಷಪೂರ್ತಿ ಉಪ್ಪುನೀರಿನಲ್ಲಿ ನಿಂತಿತು. ಮೊದಲ ಬೆಳೆಗಳು ಕೈತುಂಬ ದುಡ್ಡು ಕೊಟ್ಟವು ಎಂಬುದೂ ನಿಜ. ಆ ದುಡ್ಡನ್ನು ಕಂಡವರು ಸಾಲ ಮಾಡಿ ಎರಡನೆಯ ಹೊಂಡ ತೋಡಿದ್ದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಾಗುವುದಿಲ್ಲ. ಯಾವ ರೈತನಾದರೂ ಅದನ್ನೇ ಮಾಡುತ್ತಿದ್ದ.

ಇತ್ತ ರೋಗ ಹೊರಟಾಗಿತ್ತು. 1992ರಲ್ಲಿ ತೈವಾನ್ ಮತ್ತು ಚೀನಾದ ತೀರದಲ್ಲಿ ಅದು ಮೊದಲು ಕಣ್ಣಿಗೆ ಬಿತ್ತು. 1993ರಲ್ಲಿ ಚೀನಾದ ಸಾಕಿದ ಸೀಗಡಿಯ ಉತ್ಪಾದನೆ ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಕುಸಿಯಿತು. ಅದೇ ವರ್ಷ ಚೀನಾದಿಂದ ತರಿಸಿಕೊಂಡ ಮರಿಗಳ ಜೊತೆ ಜಪಾನಿಗೆ ಕಾಲಿಟ್ಟಿತು. 1994ರಲ್ಲಿ ಥಾಯ್ಲೆಂಡ್, ಭಾರತ. 1995ರಲ್ಲಿ ಅಮೆರಿಕದ ಟೆಕ್ಸಾಸ್. 1999ರಲ್ಲಿ ಮಧ್ಯ ಅಮೆರಿಕ ಮತ್ತು ಎಕ್ವಡಾರ್. ಏಳೇ ವರ್ಷಗಳಲ್ಲಿ ಭೂಮಿಯನ್ನು ಸುತ್ತಿದ ಈ ವೈರಸ್ಸಿಗೆ ಸ್ವಂತ ರೆಕ್ಕೆಯಿಲ್ಲ, ಈಜಿ ಸಾಗರ ದಾಟುವ ಶಕ್ತಿಯೂ ಇಲ್ಲ. ಮರಿಯ ವ್ಯಾಪಾರ, ಹೆಪ್ಪುಗಟ್ಟಿಸಿದ ಸೀಗಡಿಯ ಸಾಗಾಟ ಇವೇ ಅದರ ವಾಹನ.

ನಮ್ಮ ಪಶ್ಚಿಮ ಕರಾವಳಿಯೂ ಹೀಗೆಯೇ ಅದರ ಕೈಗೆ ಸಿಕ್ಕಿತು. ರೋಗ ಬಂದ ಹೊಂಡದ ಯಜಮಾನನಿಗೆ ಉಳಿಯುತ್ತಿದ್ದ ದಾರಿ ಒಂದೇ, ಸಾಯುವ ಮೊದಲೇ ಹಿಡಿದು ಸಿಕ್ಕಿದ ಬೆಲೆಗೆ ಮಾರುವುದು. ಮನುಷ್ಯನಿಗೆ ಈ ವೈರಸ್ಸಿನಿಂದ ಅಪಾಯವಿಲ್ಲ, ಆದ್ದರಿಂದ ಮಾರಾಟಕ್ಕೆ ಅಡ್ಡಿಯಿರಲಿಲ್ಲ. ಹಿಡಿಯಬೇಕೆಂದರೆ ಹೊಂಡದ ನೀರು ಇಳಿಸಬೇಕು. ಇಳಿಸಿದ ನೀರು, ಅದರೊಳಗಿನ ಕೋಟಿಗಟ್ಟಲೆ ವೈರಸ್ ಕಣಗಳ ಸಮೇತ, ನೇರ ಅಳಿವೆಗೆ ಹೋಗುತ್ತಿತ್ತು. ಮುಂದಿನ ಉಬ್ಬರಕ್ಕೆ ಪಕ್ಕದವನು ಪಂಪು ಹಾಕಿ ಅದೇ ನೀರನ್ನು ತನ್ನ ಹೊಂಡಕ್ಕೆ ಎಳೆದುಕೊಳ್ಳುತ್ತಿದ್ದ. ಸತ್ತ ಸೀಗಡಿಯನ್ನು ಕಾಗೆ, ಕೊಕ್ಕರೆ ಕಚ್ಚಿಕೊಂಡು ಹೋಗಿ ಮೂರನೆಯವನ ಹೊಂಡದಲ್ಲಿ ಬೀಳಿಸುತ್ತಿದ್ದವು. ಒಡ್ಡಿನಲ್ಲಿ ಬಿಲ ಕೊರೆದ ಏಡಿ ರಾತ್ರಿ ಇತ್ತಿಂದತ್ತ ದಾಟುತ್ತಿತ್ತು. ಏಡಿ ಈ ವೈರಸ್ಸನ್ನು ಮೈಯಲ್ಲಿಟ್ಟುಕೊಂಡೂ ಸಾಯದೆ ತಿರುಗಾಡುವ ಪ್ರಾಣಿ. ಎಲ್ಲಕ್ಕಿಂತ ನೋವಿನ ಸಂಗತಿ ಬೇರೆಯಿದೆ. ತನ್ನ ಹೊಂಡಕ್ಕೆ ರೋಗ ಬಂದಿದೆ ಎಂದು ಬಾಯಿಬಿಟ್ಟರೆ ಕೊಳ್ಳುವವನು ಬೆಲೆ ಇಳಿಸುತ್ತಾನೆ, ಸಾಲ ಕೊಟ್ಟವನು ಬಾಗಿಲಿಗೆ ಬರುತ್ತಾನೆ. ಆ ಭಯಕ್ಕೆ ಜನ ಸುಮ್ಮನಿದ್ದರು. ಆ ಮೌನದ ಎರಡು ಮೂರು ದಿನ ವೈರಸ್ಸಿಗೆ ಸಾಕಾಗುತ್ತಿತ್ತು.

ಮೀನಿನ ರೋಗ ಒಂದು ಹೊಸ ನೆಲಕ್ಕೆ ಬಂದಾಗ ಅದರ ಗುರುತು ಹಿಡಿಯುವುದು ಎಷ್ಟು ಕಷ್ಟ ಎಂಬುದನ್ನು ಅದಾಗಲೇ ಹುಣ್ಣು ರೋಗ ತೋರಿಸಿಕೊಟ್ಟಿತ್ತು. 1988ರಲ್ಲಿ ಬಾಂಗ್ಲಾದೇಶದ ಕಡೆಯಿಂದ ಈಶಾನ್ಯ ರಾಜ್ಯಗಳಿಗೆ ನುಸುಳಿದ ಆ ಕಾಯಿಲೆ ಸಿಹಿನೀರಿನ ಮೀನಿನ ಮೈಮೇಲೆ ಮಾಂಸ ಕಾಣುವಂಥ ಹುಣ್ಣು ಎಬ್ಬಿಸುತ್ತಿತ್ತು. 1991ರಲ್ಲಿ ಕೇರಳದ ಹಿನ್ನೀರುಗಳಲ್ಲಿ ಕಾಣಿಸಿಕೊಂಡಾಗ ಜನ ಮೀನು ತಿನ್ನುವುದನ್ನೇ ಬಿಟ್ಟರು. ಕರ್ನಾಟಕದ ನದಿ, ಕೆರೆ, ಹಿನ್ನೀರುಗಳಿಗೂ ಅದು ಬಂತು. ಹುಣ್ಣಿನ ಮೀನುಗಳಲ್ಲಿ ವೈರಸ್ ಸಿಕ್ಕಿದ್ದರಿಂದ ಅದನ್ನೇ ಅಪರಾಧಿ ಎಂದು ಬಹಳ ಜನ ನಂಬಿದ್ದರು. ಕೊನೆಗೆ ಬೇರು ಹಿಡಿದು ನೋಡಿದಾಗ ಸಿಕ್ಕಿದ್ದು ಅಫನೊಮೈಸಿಸ್ ಎಂಬ ಶಿಲೀಂಧ್ರದಂಥ ಜೀವಿ. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಸಿ.ವಿ. ಮೋಹನ್ ಮತ್ತು ಕೆ.ಎಂ. ಶಂಕರ್ ಕರ್ನಾಟಕದ ನೀರುಗಳಲ್ಲಿ ಆ ರೋಗ ಹರಡಿದ ಬಗೆಯನ್ನು ಅಧ್ಯಯನ ಮಾಡಿ 1994ರಲ್ಲಿ ಪ್ರಕಟಿಸಿದರು. ಬಿಳಿ ಚುಕ್ಕೆ ದೇಶಕ್ಕೆ ಬಂದ ವರ್ಷವೇ ಅದು.

1969ರಲ್ಲಿ ಶುರುವಾದ ಮಂಗಳೂರಿನ ಈ ಕಾಲೇಜು ದೇಶದಲ್ಲೇ ಮೊದಲ ಮೀನುಗಾರಿಕೆ ಕಾಲೇಜು. ಈಗ ಬೀದರ್‌ನ ಪಶು ವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಬಿಳಿ ಚುಕ್ಕೆಯ ಚರಿತ್ರೆಯಲ್ಲಿ ಕನ್ನಡ ನಾಡಿನ ಪಾತ್ರವೆಂದರೆ ಬಹುಪಾಲು ಇಲ್ಲಿಯ ಪ್ರಯೋಗಾಲಯಗಳ ಪಾತ್ರ. ಅದು ಇನ್ನಷ್ಟು ಜನರಿಗೆ ತಿಳಿಯಬೇಕಿತ್ತು. ಇಡ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಅವರ ಜೊತೆಗಾರರು ಪಶ್ಚಿಮ ಕರಾವಳಿಯ ರೋಗಪೀಡಿತ ಸೀಗಡಿಗಳ ಅಂಗಾಂಶಗಳನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ಪರೀಕ್ಷಿಸಿ 1997ರಲ್ಲಿ ವರದಿ ಬರೆದರು. ಎರಡು ವರ್ಷದ ಮೇಲೆ ಅದೇ ತಂಡದಿಂದ ಇನ್ನೂ ಮುಖ್ಯವಾದ ಸಂಗತಿ ಹೊರಬಂತು. ಎರಡು ಹಂತದ ಪಿಸಿಆರ್ ಪರೀಕ್ಷೆಯಲ್ಲಿ ಹೊಂಡದ ಸೀಗಡಿಗಳಷ್ಟೇ ಅಲ್ಲ, ಸಮುದ್ರದಲ್ಲಿ ಬಲೆಗೆ ಬಿದ್ದ ಸೀಗಡಿ, ಏಡಿಗಳಲ್ಲೂ ವೈರಸ್ ಪತ್ತೆಯಾಯಿತು. ನೋಡಲು ಗಟ್ಟಿಮುಟ್ಟಾಗಿದ್ದ, ಮೈಮೇಲೆ ಒಂದೂ ಚುಕ್ಕೆಯಿಲ್ಲದ ಸೀಗಡಿಯ ಒಳಗೂ ಅದು ಕೂತಿತ್ತು. ಕೋವಿಡ್ ಬಂದ ಮೇಲೆ ಪಿಸಿಆರ್ ಎಂದರೆ ಹಳ್ಳಿಯ ಅಜ್ಜಿಗೂ ಗೊತ್ತು. ಆಗ ಅದು ದೊಡ್ಡ ಪ್ರಯೋಗಾಲಯಗಳ ಸ್ವತ್ತಾಗಿತ್ತು.

ಹೊಂಡದ ದಂಡೆಗೆ ಪಿಸಿಆರ್ ಯಂತ್ರ ಒಯ್ಯಲಾಗದು. ಅದೇ ಕಾಲೇಜಿನ ಕೆ.ಎಂ. ಶಂಕರ್ ಅವರ ತಂಡ ಕೈಗೆತ್ತಿಕೊಂಡದ್ದು ಈ ಕಷ್ಟವನ್ನು. ವೈರಸ್ಸಿನ ಮೇಲ್ಮೈಯನ್ನಷ್ಟೇ ಹುಡುಕಿ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಅವರು ತಯಾರಿಸಿದರು, 2002ರಲ್ಲಿ ಅದರ ವಿವರ ಪ್ರಕಟವಾಯಿತು. ಸೀಗಡಿಯ ಕಿವಿರಿನ ಒಂದು ಚೂರನ್ನು ಅರೆದು, ಅದರ ರಸದ ಹನಿಯೊಂದನ್ನು ವಿಶೇಷ ಕಾಗದದ ಮೇಲಿಟ್ಟು, ಪ್ರತಿಕಾಯದ ದ್ರಾವಣದಲ್ಲಿ ಅದ್ದಿ ತೆಗೆದರೆ ವೈರಸ್ ಇದ್ದಲ್ಲಿ ಬಣ್ಣದ ಬೊಟ್ಟು ಮೂಡುತ್ತದೆ. ಇಲ್ಲದಿದ್ದರೆ ಕಾಗದ ಬೆಳ್ಳಗೇ ಉಳಿಯುತ್ತದೆ. ಬರಿಗಣ್ಣಿಗೆ ಕಾಣುವ, ಕೆಲವೇ ತಾಸುಗಳೊಳಗೆ ಮುಗಿಯುವ ಪರೀಕ್ಷೆ. ರೋಗಕ್ಕೆ ಮದ್ದಿಲ್ಲದಾಗ ಮೊದಲೇ ತಿಳಿಯುವುದು ಎಷ್ಟು ದೊಡ್ಡ ಉಪಕಾರ ಎಂಬುದನ್ನು ಸಾಲ ಹೊತ್ತ ರೈತನನ್ನೇ ಕೇಳಬೇಕು.

ಮದ್ದಿಲ್ಲ ಎಂಬುದು ಇಂದಿಗೂ ನಿಜ. ಬೆನ್ನೆಲುಬಿಲ್ಲದ ಜೀವಿಗಳಾದ ಸೀಗಡಿಗಳ ಮೈಯಲ್ಲಿ ನಮ್ಮಂತೆ ಪ್ರತಿಕಾಯ ಹುಟ್ಟುವುದಿಲ್ಲ. ಆದ್ದರಿಂದ ದನಕ್ಕೆ ಹಾಕಿದಂತೆ ಲಸಿಕೆ ಹಾಕಿ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಸುಮಾರು 3 ಲಕ್ಷ ಅಕ್ಷರಗಳ ಉದ್ದನೆಯ ಡಿಎನ್‌ಎ ಹೊತ್ತ, ಬಾಲದಂಥ ಎಳೆಯಿರುವ ಈ ವೈರಸ್ಸನ್ನು ಇಡಬಹುದಾದ ಹಳೆಯ ಕುಟುಂಬವೇ ಇರಲಿಲ್ಲ. ಅದಕ್ಕೆಂದೇ ನಿಮಾವಿರಿಡೆ ಎಂಬ ಹೊಸ ಕುಟುಂಬ ಮಾಡಬೇಕಾಯಿತು.

ರೋಗ ಹೊಂಡಗಳನ್ನು ಬರಿದು ಮಾಡುತ್ತಿದ್ದ ಹೊತ್ತಿನಲ್ಲೇ ಸುಪ್ರೀಂ ಕೋರ್ಟಿನಲ್ಲಿ ಇನ್ನೊಂದು ವ್ಯಾಜ್ಯ ನಡೆದಿತ್ತು. ತಮಿಳುನಾಡಿನ ಗಾಂಧಿವಾದಿ ಎಸ್. ಜಗನ್ನಾಥನ್ ಸೀಗಡಿ ಹೊಂಡಗಳಿಂದ ಗದ್ದೆ, ಬಾವಿಗಳು ಉಪ್ಪಾಗುತ್ತಿವೆ ಎಂದು ದೂರು ಒಯ್ದಿದ್ದರು. 1996ರ ಡಿಸೆಂಬರ್ 11ರಂದು ಕುಲದೀಪ್ ಸಿಂಗ್ ಮತ್ತು ಸಗೀರ್ ಅಹ್ಮದ್ ಅವರ ಪೀಠ, ಉಬ್ಬರದ ಗೆರೆಯಿಂದ 500 ಮೀಟರ್ ಒಳಗೆ ಸಾಂಪ್ರದಾಯಿಕವಲ್ಲದ ಸೀಗಡಿ ಹೊಂಡ ಇರಕೂಡದು ಎಂದು ತೀರ್ಪಿತ್ತಿತು. ಮರುಪರಿಶೀಲನೆಯ ಅರ್ಜಿಗಳು ಬಂದು ತೀರ್ಪಿನ ಜಾರಿ ನಿಂತಿತು. 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ ಬಂದು ಉದ್ಯಮಕ್ಕೆ ಒಂದು ಕಟ್ಟಳೆ ಸಿಕ್ಕಿತು. ಕೋರ್ಟಿನ ಆ ಗದ್ದಲದಲ್ಲಿ ಪತ್ರಿಕೆಗಳು ಮುಳುಗಿದ್ದಾಗ, ಎಷ್ಟೋ ಹೊಂಡಗಳನ್ನು ವೈರಸ್ ಆಗಲೇ ಮುಚ್ಚಿಸಿತ್ತು. ಅಘನಾಶಿನಿಯ ದಂಡೆಯಲ್ಲಿ ಹೊಂಡವೂ ಉಳಿಯದೆ ಭತ್ತವೂ ಬಾರದೆ ಪಾಳು ಬಿದ್ದ ಗಜನಿಗಳು ಇದಕ್ಕೆ ಸಾಕ್ಷಿ. ಮಾಣಿಕಟ್ಟದ ರೈತರು ಸಂಘ ಕಟ್ಟಿಕೊಂಡು ಕಗ್ಗದ ಬೀಜ ಉಳಿಸಿಕೊಂಡದ್ದು ಇದೇ ಹಿನ್ನೆಲೆಯಲ್ಲಿ ನೋಡಬೇಕಾದ ಕೆಲಸ.

ಇಷ್ಟೆಲ್ಲದರಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ಮೊಗಲ್ತೂರು ಎಂಬ ಊರಿನಲ್ಲಿ 2002ರಲ್ಲಿ ನಡೆದದ್ದು. ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರವೂ ಬ್ಯಾಂಕಾಕಿನ ಏಷ್ಯಾ ಜಲಕೃಷಿ ಜಾಲವೂ ಸೇರಿ ಅಲ್ಲಿ 5 ಜನ ರೈತರ 10 ಹೊಂಡಗಳಲ್ಲಿ ಒಂದು ಪ್ರಯೋಗ ಹೂಡಿದವು. ಹೊಸ ಔಷಧಿ ಏನೂ ಇರಲಿಲ್ಲ. ಹಳೆಯ ಕೆಸರು ತೆಗೆದು ಹೊಂಡ ಒಣಗಿಸುವುದು, ನೀರನ್ನು ಸಣ್ಣ ಜಾಳಿಗೆಯಲ್ಲಿ ಸೋಸಿ ಬಿಡುವುದು, ಮರಿಯನ್ನು ಎಲ್ಲರೂ ಕೂಡಿ, ಪಿಸಿಆರ್ ಮಾಡಿಸಿಯೇ ಕೊಳ್ಳುವುದು, ಎಲ್ಲರೂ ಒಂದೇ ಸಮಯಕ್ಕೆ ಬಿಡುವುದು. ಇದಕ್ಕೆಲ್ಲ ಮೇಲಾಗಿ ಒಂದು ಮಾತು: ರೋಗ ಬಂದರೆ ಪಕ್ಕದವರಿಗೆ ಅದೇ ದಿನ ಹೇಳಬೇಕು, ನೀರನ್ನು ಬ್ಲೀಚಿಂಗ್ ಪುಡಿಯಿಂದ ಶುದ್ಧ ಮಾಡದೆ ಹೊರಬಿಡಕೂಡದು. ಇದು ಕೆಲಸ ಮಾಡಿತು. ರೈತರ ಇಂಥ ಕೂಟಗಳು ಒಂದೊಂದಾಗಿ ಹೆಚ್ಚಿ, ಕರ್ನಾಟಕವೂ ಸೇರಿದಂತೆ ಬೇರೆ ರಾಜ್ಯಗಳಿಗೆ ಹೋದವು. 2007ರಲ್ಲಿ ಅವುಗಳ ಬೆಂಬಲಕ್ಕೆ ಕಾಕಿನಾಡದಲ್ಲಿ ರಾಷ್ಟ್ರಮಟ್ಟದ ಕೇಂದ್ರವೇ ಹುಟ್ಟಿತು. 2009ರಲ್ಲಿ ರೋಗವಿಲ್ಲವೆಂದು ಖಾತ್ರಿಪಡಿಸಿದ ತಾಯಿಗಳ ವನ್ನಾಮಿ ಎಂಬ ಅಮೆರಿಕದ ಸೀಗಡಿಗೆ ಸರ್ಕಾರ ಅನುಮತಿ ಕೊಟ್ಟು, ಚೆನ್ನೈಯಲ್ಲಿ ತಾಯಿ ಸೀಗಡಿಗಳನ್ನು ಪ್ರತ್ಯೇಕವಾಗಿಟ್ಟು ತಪಾಸಣೆ ಮಾಡುವ ಕೇಂದ್ರ ತೆರೆಯಿತು. ಟೈಗರ್ ಸೀಗಡಿಯ ಕಾಲ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು. ವೈರಸ್ ಮಾತ್ರ ಮುಗಿಯಲಿಲ್ಲ. 2016ರ ಕೊನೆಗೆ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಲೋಗನ್ ನದಿ ಬದಿಯ ಹೊಂಡಗಳನ್ನೂ ಹೊಕ್ಕಿತು.

ಮತ್ತೆ ಒಳನಾಡಿಗೆ ಬರೋಣ. ನಮ್ಮ ಕಡೆಯ ಹೊಂಡಗಳಲ್ಲಿ ಸಾಕುವುದು ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ. ನದಿ, ಜಲಾಶಯಗಳಲ್ಲಿ ಜಿಲೇಬಿ ಮೀನೂ ಧಾರಾಳ. ಗೆಂಡೆಯ ಈ ತಳಿ 1957ರಲ್ಲಿ ಬ್ಯಾಂಕಾಕಿನಿಂದ, ಜಿಲೇಬಿ 1952ರಲ್ಲಿ ಹೊರದೇಶದಿಂದ ಬಂದವು. ಇವೆರಡಕ್ಕೂ ತಮ್ಮದೇ ವೈರಸ್‌ಗಳಿವೆ. ಗೆಂಡೆಯನ್ನೂ ಅದರ ಬಣ್ಣದ ಬಂಧು ಕೋಯಿಯನ್ನೂ ಕೊಲ್ಲುವ ಹರ್ಪಿಸ್ ಜಾತಿಯ ವೈರಸ್ 1998ರಲ್ಲಿ ಇಸ್ರೇಲಿನಲ್ಲಿ ಗುರುತಾಯಿತು. 2002ರಲ್ಲಿ ಅಂದಕ್ಕೆಂದು ತರಿಸಿದ ಕೋಯಿಗಳ ಜೊತೆ ಇಂಡೊನೇಷ್ಯಾಕ್ಕೆ ಬಂದು, ಅಲ್ಲಿಯ ಬಡವರ ಊಟದ ಗೆಂಡೆಗೂ ಹತ್ತಿತು. 18ರಿಂದ 28 ಡಿಗ್ರಿ ಶಾಖದ ನೀರು ಅದಕ್ಕೆ ಹಿತ. ನಮ್ಮ ಚಳಿಗಾಲದ ಕೆರೆಗಳ ಹದವೂ ಅದೇ. ಜಿಲೇಬಿಯ ವೈರಸ್ ಇಸ್ರೇಲಿನ ಗಲಿಲೀ ಸರೋವರದಲ್ಲಿ ಮೀನು ಕಡಿಮೆಯಾದ ಜಾಡು ಹಿಡಿದು ಹೋದಾಗ 2014ರಲ್ಲಿ ಪತ್ತೆಯಾಯಿತು, 2018ರಲ್ಲಿ ಭಾರತದಿಂದಲೂ ವರದಿಯಾಯಿತು.

ಈಗ ಮೊದಲು ಹೇಳಿದ ನಾಲ್ಕು ತಾಲ್ಲೂಕುಗಳ ನೀರಿನ ನಕ್ಷೆ ನೋಡಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಹಾಕಿದಾಗ ಯೋಚನೆಯಿದ್ದದ್ದು ಬೆಳೆಯ ನೀರಿನದು, ವಿದ್ಯುತ್ತಿನದು. ಇಂದು ಆ ಹಿನ್ನೀರಿನಿಂದ ಮುಳವಾಡ, ಚಿಮ್ಮಲಗಿ ಏತ ನೀರಾವರಿಯ ಕಾಲುವೆಗಳು ಬಸವನಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ ಸೀಮೆಗೆ ಹೋಗುತ್ತವೆ. ನಾರಾಯಣಪುರದ ಎಡದಂಡೆಯಿಂದ ಹೊರಟ ಇಂಡಿ ಶಾಖಾ ಕಾಲುವೆ, ಅದರಿಂದ ನೀರೆತ್ತುವ ಗುತ್ತಿ ಬಸವಣ್ಣ ಯೋಜನೆ ಭೀಮಾತೀರದ ಇಂಡಿಯವರೆಗೆ ಹೋಗುತ್ತವೆ. ಹಿಂದೆ ಒಂದೂರಿನ ಕೆರೆಗೂ ಇನ್ನೊಂದೂರಿನ ಕೆರೆಗೂ ಸಂಬಂಧವಿರಲಿಲ್ಲ. ಮಳೆ ಬಂದರೆ ತುಂಬುವುದು, ಬೇಸಿಗೆಗೆ ಬತ್ತಿ ಬಿರಿಯುವುದು, ಆ ಬಿರುಕಿನ ಬಿಸಿಲಿಗೆ ರೋಗದ ಬೀಜವೂ ಸಾಯುವುದು. ಈಗ ಕೆರೆ ತುಂಬುವ ಯೋಜನೆಯಿಂದ ಅವು ಒಂದೇ ನೀರಿನ ಬಂಧುಗಳಾಗಿವೆ. ಈ ಭಾಗದ ಜನ ದಶಕಗಳ ಕಾಲ ಬೇಡಿ ಪಡೆದ ನೀರು ಇದು. ಅದರ ಬಗ್ಗೆ ಒಂದು ಅಪಸ್ವರದ ಮಾತೂ ನನ್ನದಲ್ಲ. ಕಂಡಲೇರಿನ ದಂಡೆಯವರಿಗೂ ಅಘನಾಶಿನಿಯವರಿಗೂ ತಡವಾಗಿ ತಿಳಿದದ್ದು ನಮಗೆ ಮೊದಲೇ ತಿಳಿದಿರಲಿ ಎಂಬುದಷ್ಟೇ ಆಸೆ.

ಮಾಡಬೇಕಾದದ್ದೂ ಕಠಿಣವಲ್ಲ. ಮರಿ ಎಲ್ಲಿಯದು, ಯಾವ ಲಾರಿಯಲ್ಲಿ ಬಂತು ಎಂದು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮರಿ ಚೀಲದ ನೀರನ್ನು ಹೊಂಡಕ್ಕೆ ಸುರಿಯದೆ ಹೊರಗೆ ಚೆಲ್ಲಬೇಕು. ಒಂದು ಕೆರೆಯಲ್ಲಿ ಎಳೆದ ಬಲೆಯನ್ನು ಚೆನ್ನಾಗಿ ಒಣಗಿಸಿಯೇ ಇನ್ನೊಂದಕ್ಕೆ ಇಳಿಸಬೇಕು. ಕೆರೆಯನ್ನು ಗುತ್ತಿಗೆ ಹಿಡಿದ ಮೀನುಗಾರರ ಸಹಕಾರ ಸಂಘಗಳು ಮೊಗಲ್ತೂರಿನ ಆ ಐವರಂತೆ ತಮ್ಮೊಳಗೆ ಒಂದು ಮಾತು ಮಾಡಿಕೊಳ್ಳಬಹುದು. ಮೀನು ಸಾಯತೊಡಗಿದರೆ ಹೇಳಿಕೊಳ್ಳಲು ದೂರ ಹೋಗಬೇಕಿಲ್ಲ. ತಾಲ್ಲೂಕಿಗೊಂದು ಮೀನುಗಾರಿಕೆ ಇಲಾಖೆಯ ಕಚೇರಿಯಿದೆ, ವಿಜಯಪುರದ ಭೂತನಾಳದಲ್ಲಿ ಬೀದರ್ ವಿಶ್ವವಿದ್ಯಾಲಯದ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. 2013ರಿಂದ ಲಖನೌದ ರಾಷ್ಟ್ರೀಯ ಮೀನು ತಳಿ ಸಂಪನ್ಮೂಲ ಸಂಸ್ಥೆಯ ಮುಂದಾಳತ್ವದಲ್ಲಿ ಜಲಚರ ರೋಗಗಳ ಮೇಲೆ ದೇಶದಾದ್ಯಂತ ಕಣ್ಣಿಡುವ ಕಾರ್ಯಕ್ರಮವೂ ನಡೆದಿದೆ. ಹೋಗುವವರು ಒಂದನ್ನು ನೆನಪಿಡಬೇಕು. ಸತ್ತು ಹೊಟ್ಟೆ ಉಬ್ಬಿದ ಮೀನು ಪರೀಕ್ಷೆಗೆ ಬರುವುದಿಲ್ಲ. ಇನ್ನೂ ಉಸಿರಾಡುತ್ತಿರುವ, ತಿರುಗಿ ತಿರುಗಿ ಬೀಳುತ್ತಿರುವ ಒಂದೆರಡು ಮೀನನ್ನು ಅದೇ ಕೆರೆಯ ನೀರಿನ ಚೀಲದಲ್ಲಿ ಹಾಕಿ, ಬಾಯಿ ಬಿಗಿದು ಕಟ್ಟಿ, ಆ ಹೊತ್ತೇ ಒಯ್ಯಬೇಕು. ಅದಾಗದಿದ್ದರೆ ಈಗಷ್ಟೇ ಸತ್ತದ್ದನ್ನು ಮಂಜುಗಡ್ಡೆಯಲ್ಲಿ ಹೂತು ತರಬೇಕು.